ಗೋಡೆಯ ಮೇಲೆ ಬರೆದ ಅಡುಗೆಮನೆ

ಶಿಷ್ಯ ಕೇಳಿದ: "ಗುರುಗಳೇ, ಅಣ್ಣನ ಜೊತೆ ಮಾತು ಬಿಟ್ಟು ವರ್ಷವಾಯಿತು. ಹೋಗಬೇಕೆಂದು ದಿನವೂ ಅಂದುಕೊಳ್ಳುತ್ತೇನೆ. ಹೋಗಿ ಒಂದು ತಪ್ಪು ಮಾತಾಡಿಬಿಟ್ಟರೆ ಇರುವುದೂ ಕೆಡುತ್ತದೆ. ಸರಿಯಾದ ಮಾತು ಹೊಳೆಯುವ ತನಕ ಕಾಯುವುದು ಒಳ್ಳೆಯದಲ್ಲವೇ?"

ಗುರುಗಳು ಹೇಳಿದರು:

ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದರು. ಅಡುಗೆಮನೆಯ ನಡುವೆ ಸಿಮೆಂಟಿನ ಗೋಡೆ ಎದ್ದಿತು. ಗಂಡಂದಿರು ಪಾಲಾದರೆ ಹೆಂಡತಿಯರು ಮಾತು ಬಿಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೂ ಬಿಟ್ಟರು. ಗೋಡೆಯಾಚೆ ಕಿರಿಯ ಸೊಸೆ ಒಗ್ಗರಣೆ ಹಾಕಿದರೆ ಈಚೆ ಹಿರಿಯ ಸೊಸೆಗೆ ಸದ್ದು ಕೇಳುತ್ತಿತ್ತು. ಕರೆಯಲು ಬಾಯಿ ಬರುತ್ತಿರಲಿಲ್ಲ. ಅವಳಿಗೆ ಅದು ಬಹಳ ಸಂಕಟವಾಗಿತ್ತು.

ಹಿಂದೆ ಹಬ್ಬ ಬಂದರೆ ಇಬ್ಬರೂ ಸೇರಿ ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ರ ಬರೆಯುತ್ತಿದ್ದರು. ಸಿಮೆಂಟಿನ ಮೇಲೆ ಅದು ನಿಲ್ಲುವುದಿಲ್ಲ. ಆ ಸಲ ಹಿರಿಯಳು ಪೇಟೆಯಿಂದ ಅಕ್ರಿಲಿಕ್ ಬಣ್ಣ ತರಿಸಿದಳು. ಹೊಸ ಗೋಡೆಗೆ ಕೆಂಪು ಬಳಿದು, ಬಿಳಿಯಲ್ಲಿ ಒಂದು ಅಡುಗೆಮನೆ ಬರೆದಳು. ಹಳ್ಳಿಯ ಚಿತ್ರದಲ್ಲಿ ಗೋಡೆ ಯಾವುದನ್ನೂ ಮರೆಮಾಡುವುದಿಲ್ಲ, ಒಳಗಿರುವುದೆಲ್ಲ ಕಾಣುತ್ತದೆ. ಹಾಗಾಗಿ ಅವಳು ಗೋಡೆಯಾಚೆ ಇರುವುದನ್ನೇ ಬರೆದಳು. ಒಲೆ, ನೆಲುವಿನಲ್ಲಿ ತೂಗುವ ಮಡಕೆ, ರೊಟ್ಟಿ ತಟ್ಟುತ್ತಿರುವ ಕಿರಿಯಳು. ಪಾಲಾದ ಮೇಲೆ ಆ ಕಡೆ ಹಿರಿಯಳು ಕಾಲಿಟ್ಟಿರಲಿಲ್ಲ. ಅರ್ಧ ನೆನಪು, ಅರ್ಧ ಊಹೆ.

ನೋಡಿದ ನೆರೆಯವಳು ಸುಮ್ಮನಿರುತ್ತಾಳೆಯೇ? ಕಿರಿಯಳಿಗೆ ಸುದ್ದಿ ಮುಟ್ಟಿತು. ಅವಳು ಸೆರಗು ಸಿಕ್ಕಿಸಿಕೊಂಡು ದುರುದುರನೆ ಬಂದು ಚಿತ್ರದ ಮುಂದೆ ನಿಂತಳು.

"ಇದೇನಕ್ಕ, ನನ್ನ ಒಲೆ ಮೂಲೇಲಿದೆಯಾ? ಅದನ್ನ ಕಿಟಕಿ ಕೆಳಗೆ ಹಾಕಿಸಿ ಎಷ್ಟು ಕಾಲ ಆಯ್ತು. ನೋಡಿದೋರು ಏನಂದ್ಕೋಬೇಕು?"

"ನಂಗೆ ಹೇಗೆ ಗೊತ್ತಾಗ್ಬೇಕು? ನೀನು ಕರೆದಿದ್ರೆ ತಾನೆ."

ಕಿರಿಯಳು ಕುಂಚ ಎತ್ತಿಕೊಂಡಳು. ಆ ಬಣ್ಣ ಒಣಗಿದ ಮೇಲೆ ಅಳಿಸಲು ಬರುವುದಿಲ್ಲ, ಮೇಲೆ ಬಳಿಯಲು ಬರುತ್ತದೆ. ತಪ್ಪಿದ ಒಲೆಯ ಮೇಲೆ ಅವಳು ಕೆಂಪು ಬಳಿದಳು. ಅದು ಒಣಗುವಷ್ಟರಲ್ಲಿ ಒಲೆ ಎಲ್ಲಿದೆಯೆಂದು ತೋರಿಸಲು ಹಿರಿಯಳ ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು. ಕಣ್ಣು ತುಂಬಿ ಬಂದು ಹಿರಿಯಳಿಗೆ ಒಲೆಯೇ ಸರಿಯಾಗಿ ಕಾಣಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಅವಳ ಅದೃಷ್ಟ ದೊಡ್ಡದು ಗುರುಗಳೇ. ತಪ್ಪು ಬರೆದರೂ ಕೆಲಸ ಕೆಡಲಿಲ್ಲ."

ಗುರುಗಳು ಅಂದರು: "ಮಾತಿನಲ್ಲಿ ನಿನ್ನ ಅಣ್ಣನಿಗೂ ತಿದ್ದಲು ಏನಾದರೂ ಉಳಿಸಿಕೊಂಡು ಹೋಗು."