ಬರಿಮೈಯ ಕೂಸು

“ಅಮ್ಮಾ, ಏಸುಸ್ವಾಮಿಯ ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದಳು ಎಂದು ಸುವಾರ್ತೆ ಹೇಳುತ್ತದೆ. ನಾವು ಮಾತ್ರ ವರ್ಷ ವರ್ಷವೂ ಕಾರ್ಡಿನ ಮೇಲೆ ಆ ಮಗುವನ್ನು ಬರಿಮೈಯಲ್ಲಿ ಬರೆಯುತ್ತೇವೆ. ಇಲ್ಲದ್ದನ್ನು ಬರೆದು ಹಬ್ಬದ ಶುಭಾಶಯ ಹೇಳುವುದು ಸರಿಯೇ?”

ಹೀಗೆ ಕೇಳಿದವಳು ಲಿಡಿಯಾ. ಕೇಳಿಸಿಕೊಂಡವರು ರೂತಮ್ಮ. ಚರ್ಚಿನ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ, ಕೈಯಿಂದ ಕ್ರಿಸ್ಮಸ್ ಕಾರ್ಡು ಮಾಡುವುದನ್ನು ಆ ಊರಿನ ಹೆಣ್ಣುಮಕ್ಕಳಿಗೆ ಕಲಿಸುತ್ತಾ ಬಂದವರು ಅವರೇ. ಅವರ ಶಿಷ್ಯೆಯರಲ್ಲಿ ಲಿಡಿಯಾಳ ಗೆರೆ ಎಲ್ಲರಿಗಿಂತ ನಯ. ಓದುವುದರಲ್ಲಿಯೂ ಅವಳೇ ಮುಂದು. ಅಂದು ಅವಳು ಕುಂಚವನ್ನು ಕೆಳಗಿಟ್ಟು ಕುಳಿತಿದ್ದಳು.

“ಅಷ್ಟೇ ಅಲ್ಲಮ್ಮ. ಅಲ್ಲಿ ಹಸು ಇತ್ತು, ಕತ್ತೆ ಇತ್ತು ಎಂದು ಎಲ್ಲಿಯೂ ಬರೆದಿಲ್ಲ. ಮಗುವಿಗೆ ಕಾಣಿಕೆ ಹಿಡಿದು ಮೂಡಣದಿಂದ ಬಂದ ಜೋಯಿಸರು ಮೂವರೇ ಎಂದೂ ಇಲ್ಲ. ಅವರು ಬಂದದ್ದು ಮನೆಗೆ, ಕೊಟ್ಟಿಗೆಗಲ್ಲ.”

ಅವಳು ತಾನೇ ಬರೆದ ಒಂದು ಕಾರ್ಡನ್ನು ಮುಂದಿಟ್ಟಳು. ಅದರಲ್ಲಿ ಹಸುವಿಲ್ಲ, ಕತ್ತೆಯಿಲ್ಲ, ಜೋಯಿಸರಿಲ್ಲ. ಮಗುವನ್ನು ಕುತ್ತಿಗೆಯವರೆಗೆ ಬಟ್ಟೆಯಲ್ಲಿ ಸುತ್ತಿತ್ತು.

ರೂತಮ್ಮ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು.

“ಚೆನ್ನಾಗಿದೆ ತಾಯಿ. ಒಂದು ತಪ್ಪೂ ಇಲ್ಲ.”

“ಹಾಗಾದರೆ ಇನ್ನು ಮೇಲೆ ಎಲ್ಲರೂ ಹೀಗೆಯೇ ಬರೆಯೋಣವೇ? ಇಲ್ಲದಿದ್ದರೆ ನನ್ನ ಕೈ ಓಡುವುದಿಲ್ಲಮ್ಮ.”

“ಬರೆಯೋಣವಂತೆ. ಮೊದಲು ಒಂದು ಕತೆ ಕೇಳು. ಹೇಗೂ ಅಂಟು ಒಣಗುವುದಕ್ಕೆ ಹೊತ್ತು ಬೇಕು” ಎಂದು ರೂತಮ್ಮ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಅವನಿಗೆ ಒಬ್ಬಳೇ ಮಗಳು. ಆ ಮಗಳು ದೂರದ ಊರಿನ ಒಬ್ಬ ಬಡಗಿಯನ್ನು ಮೆಚ್ಚಿದಳು. ಬಡಗಿಯ ಮನೆಯವರು ಚರ್ಚಿಗೆ ಹೋಗುವವರು. ಅಪ್ಪ ಬೇಡವೆಂದ. ಮಗಳು ಅವನನ್ನೇ ಮದುವೆಯಾದಳು.

“ಇನ್ನು ನನ್ನ ಮನೆಯಲ್ಲಿ ನಿನಗೆ ಜಾಗವಿಲ್ಲ” ಎಂದುಬಿಟ್ಟ ಅಪ್ಪ.

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಆಡಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವನಿಗೆ ತಿಳಿಯಲಿಲ್ಲ. ಗಂಡಸರಿಗೆ ಅದೊಂದು ಕಷ್ಟ.

ಮಗಳು ಬಸುರಿಯಾದ ಸುದ್ದಿ ಉಣ್ಣೆ ಮಾರುವವರ ಬಾಯಿಂದ ಬಂತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅಪ್ಪ ಹೋಗಿ ಕರೆದುಕೊಂಡು ಬರಬೇಕು. ಇವನು ಹೋಗಲಿಲ್ಲ. ಹೆಂಡತಿ ದಿನವೂ ಅವನ ಮುಖ ನೋಡುತ್ತಿದ್ದಳು. ಅವನು ಮಗ್ಗದ ಮುಂದೆ ಕುಳಿತು ದಾರ ನೋಡುತ್ತಿದ್ದ. ಏಳನೆಯ ತಿಂಗಳು ಕಳೆಯಿತು. ಎಂಟು ಕಳೆಯಿತು. ಒಂಬತ್ತು ತುಂಬುವ ಹೊತ್ತಿಗೆ ಚಳಿಗಾಲ ಬಂತು.

ಒಂದು ಬೆಳಗ್ಗೆ ಅಂಚೆಯವನು ಬಂದು ಒಂದು ಲಕೋಟೆ ಕೊಟ್ಟ. “ನಿನ್ನ ಮಗಳು ಕಳಿಸಿದ್ದಾಳೆ” ಎಂದು ಹೇಳಿ ಸೈಕಲ್ ಹತ್ತಿ ಹೋದ.

ಒಳಗೆ ಇದ್ದದ್ದು ಕೈಯಿಂದ ಮಾಡಿದ ಒಂದು ಕಾರ್ಡು. ಕ್ರಿಸ್ಮಸ್ ಹತ್ತಿರ ಬಂದಾಗ ನೆಂಟರಿಗೆಲ್ಲ ಹಾಗೆ ಕಳಿಸುವುದು ಬಡಗಿಯ ಮನೆಯ ಪದ್ಧತಿ. ಮಗಳು ಅತ್ತೆಯಿಂದ ಅದನ್ನು ಕಲಿತಿದ್ದಳು. ಓದು ಬಾರದ ಮನೆಗೆ ಅಕ್ಷರ ಯಾಕೆಂದು ಚಿತ್ರವನ್ನಷ್ಟೇ ಬರೆದು ಕಳಿಸಿದ್ದಳು. ಆ ಚಿತ್ರದ ಕತೆ ತವರಿನವರಿಗೆ ಗೊತ್ತಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ನಮಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರುತ್ತದೆ ಎಂದು ತಿಳಿಯುತ್ತೇವಲ್ಲ, ಹಾಗೆ.

ಗಂಡ ಹೆಂಡತಿ ಬಾಗಿಲಲ್ಲಿ ಕುಳಿತು ಚಿತ್ರ ನೋಡಿದರು.

ಒಂದು ಕೊಟ್ಟಿಗೆ. ಅದರ ಸೂರಿನಲ್ಲಿ ಒಂದು ತೂತು, ತೂತಿನಲ್ಲಿ ಒಂದು ಚುಕ್ಕಿ. ತಲೆಗೆ ಬಟ್ಟೆ ಹೊದ್ದ ಒಬ್ಬ ಹುಡುಗಿ. ಪಕ್ಕದಲ್ಲಿ ಗಡ್ಡದ ಗಂಡಸು. ಒಂದು ಹಸು, ಒಂದು ಕತ್ತೆ, ಎರಡು ಕುರಿ. ನಡುವೆ ಹುಲ್ಲಿನ ಮೇಲೆ ಕೈ ಚಾಚಿಕೊಂಡು ಮಲಗಿದ ಹಸುಗೂಸು. ಅದರ ಮೈಮೇಲೆ ಒಂದು ಎಳೆ ನೂಲಿಲ್ಲ.

ಅವನು ಕೂಸಿನ ಮೇಲೆ ಬೆರಳಿಟ್ಟ.

“ಇವಳೇ, ನೋಡಿದೆಯಾ? ಹೆತ್ತಿದ್ದಾಳೆ. ಕೊಟ್ಟಿಗೆಯಲ್ಲಿ ಹೆತ್ತಿದ್ದಾಳೆ.”

“ಇದು ಅವರ ಮನೆಯೇ ಅಂತೀರಾ?”

“ಇನ್ನಾರದು? ಗಡ್ಡ ನೋಡು, ಅವನದೇ. ನಮ್ಮ ಹುಡುಗಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿದೆ. ಬಡಗಿ ಅಂತ ಹೇಳಿ ಮದುವೆಯಾದ. ತಲೆ ಮೇಲಿನ ಸೂರು ಸರಿ ಮಾಡಿಕೊಳ್ಳೋಕೆ ಆಗಿಲ್ಲ ಅವನಿಗೆ! ಮೇಲೆ ಒಂದು ಕತ್ತೆ ಬೇರೆ ಸಾಕಿದ್ದಾನೆ.”

ಹೆಂಡತಿ ಬೆರಳಿಂದ ಮುಟ್ಟಿ ನೋಡಿದಳು. ಮಗಳು ಹುಲ್ಲಿನ ಜಾಗಕ್ಕೆ ನಿಜವಾದ ಹುಲ್ಲನ್ನು ಅಂಟಿಸಿದ್ದಳು. ಕುರಿಯ ಮೈಗೆ ನಿಜವಾದ ಉಣ್ಣೆಯನ್ನು ಅಂಟಿಸಿದ್ದಳು.

“ಬರೀ ಚಿತ್ರ ಇರಬಹುದು” ಎಂದಳು, ಅವನಿಗೆ ಸಮಾಧಾನವಾಗಲಿ ಎಂದು.

“ಹುಲ್ಲು ನಿಜ, ಉಣ್ಣೆ ನಿಜ. ಕೂಸು ಮಾತ್ರ ಸುಳ್ಳೇ?”

ಚಿತ್ರದ ಅಂಚಿನಲ್ಲಿ ಜರಿ ಪೇಟದ ಮೂವರು ನಿಂತಿದ್ದರು. ಮೂವರ ಕೈಯಲ್ಲಿಯೂ ಒಂದೊಂದು ಡಬ್ಬಿ. ಅವರನ್ನು ಕಂಡು ಅವನ ಸಿಟ್ಟು ನೆತ್ತಿಗೇರಿತು.

“ಇವರ್ಯಾರು ದೊಡ್ಡ ಮನುಷ್ಯರು? ಪೇಟ ಇದೆ, ಶಾಲು ಇದೆ, ಕಾಲಿನವರೆಗೆ ಅಂಗಿ ಇದೆ. ಬಾಣಂತಿಯನ್ನು ನೋಡೋಕೆ ಡಬ್ಬಿ ಹಿಡಿದುಕೊಂಡು ಬಂದಿದ್ದಾರೆ. ಮೂವರಲ್ಲಿ ಒಬ್ಬನಾದರೂ ಕೂಸಿಗೆ ಒಂದು ತುಂಡು ಬಟ್ಟೆ ತಂದಿದ್ದಾನಾ?”

“ಅವರನ್ನು ಯಾಕೆ ಬೈತೀರಿ?” ಎಂದಳು ಹೆಂಡತಿ. “ನಾವು ಕರೆದಿದ್ದರೆ ನಮ್ಮ ನಡುಮನೆಯಲ್ಲಿ ಹೆರುತ್ತಿದ್ದಳು.”

ಅವನು ಕಾರ್ಡನ್ನು ಅಂಗಿಯೊಳಗೆ ಇಟ್ಟುಕೊಂಡ.

ಎದ್ದು ಮಗ್ಗದ ಹತ್ತಿರ ಹೋದ. ಒಬ್ಬ ವರ್ತಕ ತನ್ನ ಮಗಳ ಮದುವೆಗೆಂದು ಹೇಳಿಟ್ಟಿದ್ದ ಕಂಬಳಿ ಮಗ್ಗದ ಮೇಲಿತ್ತು. ಮೊದಲ ಸಲ ಕತ್ತರಿಸಿದ ಕುರಿಮರಿಯ ಉಣ್ಣೆ. ನೇಯ್ಗೆ ಅರ್ಧಕ್ಕೆ ಬಂದಿತ್ತು. ಅರ್ಧ ನೇಯ್ದದ್ದನ್ನು ಮಗ್ಗದಿಂದ ಕೊಯ್ಯುವುದು ನೇಕಾರನಿಗೆ ಬೆಳೆಯುವ ಪೈರನ್ನು ಕಿತ್ತ ಹಾಗೆ. ಅವನು ಕುಡುಗೋಲು ತೆಗೆದು ಕೊಯ್ದೇಬಿಟ್ಟ.

“ಅಯ್ಯೋ! ವರ್ತಕನಿಗೆ ಏನು ಹೇಳುತ್ತೀರಿ?”

“ಅವನ ಮಗಳಿಗೆ ಮದುವೆ. ನನ್ನ ಮಗಳಿಗೆ ಹೆರಿಗೆ. ಯಾವುದು ಮೊದಲು ಅಂತ ಅವನೇ ಹೇಳಲಿ.”

ಹೆಂಡತಿ ಪೆಟ್ಟಿಗೆ ತೆಗೆದು, ಉಟ್ಟು ಉಟ್ಟು ಮೆತ್ತಗಾದ ತನ್ನ ಹಳೆಯ ಸೀರೆಯನ್ನು ಕೊಟ್ಟಳು. “ಕಂಬಳಿ ಎಳೆಯ ಮೈಗೆ ಚುಚ್ಚುತ್ತೆ. ಒಳಗೆ ಇದನ್ನು ಸುತ್ತಿ, ಮೇಲೆ ಅದನ್ನು ಹೊದಿಸಿ” ಎಂದು ಎರಡೆರಡು ಸಲ ಹೇಳಿದಳು.

ಅವನು ಬಸ್ಸಿಗೆ ಕಾಯಲಿಲ್ಲ. ಗಂಟನ್ನು ಹೆಗಲಿಗೆ ಹಾಕಿಕೊಂಡು ನಡೆದ. ದಾರಿಯುದ್ದಕ್ಕೂ ಅಳಿಯನಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡ. ಚಳಿಗಾಳಿ ಬೀಸಿದಾಗಲೆಲ್ಲ ಮಾತು ಮರೆತು ಹೆಜ್ಜೆ ಜೋರು ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಆ ಊರು ಸೇರಿದ. ಬಡಗಿಯ ಮನೆ ಕೇಳಿದ. ತೋರಿಸಿದರು.

ಹೆಂಚಿನ ಮನೆ. ಸುಣ್ಣ ಬಳಿದ ಗೋಡೆ. ಬಾಗಿಲಿಗೆ ಕಾಗದದ ನಕ್ಷತ್ರ ತೂಗುಹಾಕಿತ್ತು. ಬಾಗಿಲು ತಳ್ಳಿದ. ಒಳಗೆ ಕೆಂಡದ ಬಿಸಿ, ಸಾಂಬ್ರಾಣಿಯ ಹೊಗೆ. ಮಗಳು ಮಂಚದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ತೇಗದ ತೊಟ್ಟಿಲು. ತೊಟ್ಟಿಲಲ್ಲಿ ಕೂಸು. ಅದಕ್ಕೆ ಕುಲಾವಿ, ಅಂಗಿ, ಮೇಲೆ ಎರಡು ಹೊದಿಕೆ. ಮೂಗಿನ ತುದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಅವನು ಹೊಸ್ತಿಲಲ್ಲೇ ನಿಂತ.

“ಅಪ್ಪಾ!” ಎಂದಳು ಮಗಳು.

“ಕೊಟ್ಟಿಗೆ ಎಲ್ಲಿ?” ಎಂದ ಅವನು.

“ಯಾವ ಕೊಟ್ಟಿಗೆ?”

ಅವನು ಅಂಗಿಯೊಳಗಿನಿಂದ ಕಾರ್ಡು ತೆಗೆದು ಚಾಚಿದ. ಮಗಳು ಅದನ್ನು ನೋಡಿದಳು. ಅವನ ಹೆಗಲ ಮೇಲಿನ ಗಂಟನ್ನು ನೋಡಿದಳು. ಅವಳಿಗೆ ನಗುವೂ ಬಂತು, ಅಳುವೂ ಬಂತು.

“ಅಯ್ಯೋ ಅಪ್ಪಾ, ಇದು ನಾವು ಅಂದುಕೊಂಡ್ಯಾ? ಇದು ಏಸುಸ್ವಾಮಿ ಹುಟ್ಟಿದ ಕತೆ. ನಮ್ಮ ಮನೆ ಅಲ್ಲಪ್ಪ.”

“ಗಡ್ಡ ಇದೆಯಲ್ಲ?”

“ಗಡ್ಡ ಇವರೊಬ್ಬರಿಗೇನಾ ಇರೋದು?”

“ಕೂಸಿನ ಮೈಮೇಲೆ ಬಟ್ಟೆ ಇಲ್ಲವಲ್ಲ?”

“ಹಾಗೇ ಬರೆಯೋದು ಅದನ್ನ.”

“ಹಾಗೆ ಬರೆಯೋರು ಯಾರು? ಅವರ ಮನೇಲಿ ಯಾರೂ ಹೆತ್ತಿಲ್ಲವಾ? ಹೋಗಲಿ, ಆ ಹುಡುಗಿ ಕೊಟ್ಟಿಗೆಯಲ್ಲಿ ಯಾಕೆ ಹೆತ್ತಳು?”

“ಯಾರೂ ಮನೆಯಲ್ಲಿ ಜಾಗ ಕೊಡಲಿಲ್ಲವಂತಪ್ಪ” ಎಂದಳು ಮಗಳು.

ಅವಳು ಕತೆ ಹೇಳಿದಳು, ಅಷ್ಟೇ. ಚುಚ್ಚಬೇಕೆಂದು ಹೇಳಲಿಲ್ಲ. ಆದರೆ ಅವನು ತಲೆ ತಗ್ಗಿಸಿದ. ಹೆಗಲ ಗಂಟನ್ನು ಇಳಿಸಿ ಹೊಸ್ತಿಲ ಹೊರಗೇ ಇಟ್ಟ. ಈ ಮನೆಯಲ್ಲಿ ಎಲ್ಲವೂ ಇತ್ತು. ಅವನು ತಂದದ್ದು ಯಾರಿಗೂ ಬೇಕಿರಲಿಲ್ಲ. ಯಾವ ಮುಖ ಹೊತ್ತು ಒಳಗೆ ಹೋಗಲಿ ಎಂದುಕೊಂಡು, ಬಂದ ದಾರಿಯ ಕಡೆಗೆ ತಿರುಗಿದ.

“ಅಪ್ಪಾ” ಎಂದಳು ಮಗಳು, “ಬಾಗಿಲು ತೆಗೆದುಕೊಂಡು ನಿಂತಿದ್ದೀಯಲ್ಲ, ಕೂಸಿಗೆ ಗಾಳಿ ಬಡಿಯುತ್ತೆ. ಒಳಗೆ ಬಾ, ಬಾಗಿಲು ಹಾಕು.”

ಕೂಸಿಗೆ ಗಾಳಿ ಎಂದ ಕೂಡಲೇ ಅವನಿಗೆ ಬೇರೆ ಎಲ್ಲ ಮರೆತುಹೋಯಿತು. ಗಂಟನ್ನು ಎತ್ತಿಕೊಂಡು ಒಳಗೆ ಬಂದು, ಬಾಗಿಲು ಹಾಕಿ ಅಗಳಿ ಇಟ್ಟ.

ಮಗಳ ಅತ್ತೆ ಬಿಸಿನೀರು ತಂದಿಟ್ಟಳು. “ಬೀಗರು ಕೈಕಾಲು ತೊಳೆದು ಬರಲಿ. ಮೊಮ್ಮಗಳು ಹುಟ್ಟಿದಾಗಿನಿಂದ ಕಾಯುತ್ತಿದ್ದಾಳೆ” ಎಂದಳು. ಅಳಿಯ ಮಣೆ ಹಾಕಿದ. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಅಪ್ಪನ ಬಾಯಿಗೆ ಬರಲಿಲ್ಲ.

ಮಗಳು ಕೂಸಿನ ಎರಡು ಹೊದಿಕೆಯನ್ನೂ ತೆಗೆದಳು. ಅವ್ವನ ಸೀರೆಯನ್ನು ಸುತ್ತಿದಳು. ಕಂಬಳಿಯನ್ನು ಅಪ್ಪನೇ ಹೊದಿಸಿದ. ಅರ್ಧಕ್ಕೆ ಕೊಯ್ದ ಕಂಬಳಿ. ದೊಡ್ಡವರಿಗೆ ಮೊಣಕಾಲೂ ಮುಚ್ಚುತ್ತಿರಲಿಲ್ಲ. ಕೂಸಿಗೆ ಅಳತೆ ತೆಗೆದು ನೇಯ್ದ ಹಾಗಿತ್ತು.

ಊಟವಾದ ಮೇಲೂ ಅವನಿಗೆ ಒಂದು ಚಿಂತೆ ಉಳಿದಿತ್ತು.

“ಆ ಇನ್ನೊಂದು ಕೂಸು” ಎಂದ, ಕಾರ್ಡಿನ ಕಡೆಗೆ ಕೈ ತೋರಿಸಿ, “ಆಮೇಲಾದರೂ ಯಾರಾದರೂ ಅದಕ್ಕೆ ಹೊದಿಸಿದರಾ?”

“ಅದರ ತಾಯಿ ಬಟ್ಟೆಯಲ್ಲಿ ಸುತ್ತಿದಳಪ್ಪ. ಪುಸ್ತಕದಲ್ಲಿ ಬರೆದಿದೆ.”

“ಹಾಗಾದರೆ ಸರಿ” ಎಂದು ಅವನು ನಿಟ್ಟುಸಿರು ಬಿಟ್ಟ.

ರೂತಮ್ಮ ಕತೆ ನಿಲ್ಲಿಸಿದರು. ಕಾರ್ಡುಗಳ ಅಂಟು ಒಣಗಿತ್ತು. ಲಿಡಿಯಾಳ ಕಣ್ಣು ಒದ್ದೆಯಾಗಿತ್ತು. ಆದರೂ ಓದಿದ ಹುಡುಗಿ, ಸುಲಭವಾಗಿ ಬಿಡುವವಳಲ್ಲ.

“ಕತೆ ಚೆನ್ನಾಗಿದೆ ಅಮ್ಮ. ಆದರೆ ಕಂಬಳಿ ನೇಯುವವನಿಗೆ ಆ ಚಿತ್ರ ಅರ್ಥವೇ ಆಗಲಿಲ್ಲವಲ್ಲ? ಅದು ಯಾರ ಮಗು ಎಂದು ಕೂಡ ಅವನಿಗೆ ತಿಳಿಯಲಿಲ್ಲ. ತಪ್ಪು ತಿಳಿದುಕೊಂಡೇ ಅಲ್ಲವೇ ಅವನು ಎದ್ದು ಹೋದದ್ದು?”

ರೂತಮ್ಮ ಕುಂಚವನ್ನು ಎತ್ತಿ ಅವಳ ಕೈಗೆ ಕೊಟ್ಟರು.

“ಈ ಚಿತ್ರವನ್ನು ಎಷ್ಟೋ ಮನೆಗೆ ಕಳಿಸಿದ್ದೇನೆ ಮಗಳೇ, ತಪ್ಪಿಲ್ಲದೆ ಓದಿದವನು ಕಂಬಳಿ ಹೊತ್ತು ಹೊರಟ ಅವನೊಬ್ಬನೇ.”