ಹಕ್ಕಳೆಯ ಕೆಳಗಿನ ಮುದುಕಿ

ಕೈ ತೆಗಿ ಅಂಬಿ, ಮಂಡಿಯ ಗಾಯದ ಹಕ್ಕಳೆ ಕೀಳಬೇಡ. ಅದರ ಕೆಳಗೆ ಒಬ್ಬಳು ಮುದುಕಿ ಕೂತಿದ್ದಾಳೆ. ಸುಮ್ಮನೆ ಕೇಳು, ಹೇಳುತ್ತೇನೆ.

ನೀರಿಗೆ ಇನ್ನೂ ರುಚಿಯೇ ಬಂದಿರದ ಕಾಲ ಅದು. ಒಂದು ಮೀನಿನ ಮರಿಯ ಮೈಯೊಳಗೆ, ಬೆಳಕು ಹೋಗದ ಕಡೆ, ಈ ಮುದುಕಿ ಇದ್ದಳು. ಬೀಸುಕಲ್ಲಿನ ಹಾಗೆ ಎರಡು ತುಂಡಿನ ಮೈ. ಕಣ್ಣಿಲ್ಲ. ಎರಡು ತುಂಡಿನ ನಡುವೆ ಗಂಟು ಗಂಟಿನ ದಾರವೊಂದು ಸರಿಯುತ್ತಿತ್ತು.

ಕತ್ತಲಲ್ಲಿ ಮುಖವಿಲ್ಲದವರು ನೂಕಾಡಿಕೊಂಡು ಬರುತ್ತಿದ್ದರು. ಒಬ್ಬೊಬ್ಬರ ಬೆನ್ನ ಮೇಲೂ ಒಂದು ಮಣಿ, ಕೈಗೆ ಮೂರೇ ಬೆರಳು. ಮೂರು ಬೆರಳೂ ಮೂರು ಗಂಟಿಗೆ ಸರಿಯಾಗಿ ಕೂತರೆ ಮುದುಕಿ ಮಣಿ ಇಸಿದುಕೊಂಡು ಪೋಣಿಸುತ್ತಿದ್ದಳು. ಆ ಸರದಿಂದಲೇ ಚರ್ಮ ಆಗುತ್ತಿತ್ತು.

ಒಂದು ದಿನ ಕಲ್ಲಿಗೆ ತಗಲಿ ಮರಿಯ ಹೊಟ್ಟೆ ಹರಿಯಿತು.

"ಬೇಗ ಅಜ್ಜೀ, ನನ್ನ ಮರಿ ಉಳಿಯಲ್ಲ" ಎಂದು ತಾಯಿಮೀನು ಅತ್ತಿತು.

ಮುದುಕಿಗೆ ಮರುಕ ಬಂತು. ಆತುರಪಟ್ಟು, ಬೆರಳು ಸರಿಯಾಗಿ ತಡವದೆ, ಬಂದವರನ್ನೆಲ್ಲ ಒಳಗೆ ಬಿಟ್ಟಳು. ಕೆಲವರ ಎರಡು ಬೆರಳು ಸರಿ, ಮೂರನೆಯದು ಸುಳ್ಳು. "ನಾನೇ, ನಾನೇ" ಅಂದರು. ಅವಳು ನಂಬಿದಳು.

ಸಂಜೆಗೆ ಗಾಯ ಮುಚ್ಚಿತು. ಆದರೆ ಹೊಸ ಚರ್ಮ ತಣ್ಣಗಿತ್ತು. ತಾಯಿ ಮುಟ್ಟಿದರೆ ಮರಿಗೆ ತಿಳಿಯುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಆ ಚರ್ಮ ನೀರಲ್ಲಿ ಕರಗಿತು. ಮರಿಯೂ ಹೋಯಿತು.

ಮುದುಕಿ ಸಾಯಲಿಲ್ಲ. ಸತ್ತ ಮರಿಯ ತಮ್ಮನೊಳಗೆ ಹೋಗಿ ಕೂತಳು.

ಗ್ರಹಚಾರ ನೋಡು, ಅದೇ ಕಲ್ಲು ಆ ಮರಿಗೂ ತಗಲಿತು.

"ಬೇಗ ಅಜ್ಜೀ, ನನಗಿರುವುದು ಇದೊಂದೇ."

"ಅದಕ್ಕೇ ತಡ ಮಾಡುತ್ತೇನೆ, ತಾಯಿ."

ಮುಸ್ಸಂಜೆಯಲ್ಲಿ ಹೊರಗಿನಿಂದ ಯಾರಾದರೂ ಕೂಗಿದರೆ ಒಂದೇ ಕರೆಗೆ ಓಗೊಡಬೇಡ ಅನ್ನುತ್ತೇನಲ್ಲ? ದೆವ್ವ ಒಂದೇ ಸಲ ಕರೆಯುತ್ತದೆ, ನಮ್ಮವರಾದರೆ ಮತ್ತೆ ಕರೆಯುತ್ತಾರೆ. ಮುದುಕಿಯೂ ಅದನ್ನೇ ಮಾಡಿದಳು. ಬಂದ ಒಬ್ಬೊಬ್ಬನ ಮೂರು ಬೆರಳೂ ತಡವಿದಳು. ಒಂದು ಹನಿ ಎಣ್ಣೆಯ ದೀಪ ಹಚ್ಚಿದಳು. ಕಣ್ಣಿಲ್ಲದವಳಿಗೆ ದೀಪ ಯಾಕೆ ಅಂತ ಕೇಳಬೇಡ, ಅದು ಆರುವವರೆಗೆ ಕಾದು ನೋಡುವುದಕ್ಕೆ. ದೀಪ ಆರಿದ ಮೇಲೆ ಮತ್ತೊಮ್ಮೆ ತಡವಿದಳು. ನಿಜವಾದವನ ಕೈ ಅಲ್ಲೇ ಇತ್ತು. ಸುಳ್ಳಿನವನ ಕೈ ಅಷ್ಟರಲ್ಲಿ ಸಡಿಲಾಗಿ ಕತ್ತಲಿಗೆ ಜಾರಿಹೋಗಿತ್ತು.

ಹೊರಗೆ ತಾಯಿಮೀನು ಅತ್ತಿತು, ಬೈದಿತು. ಮುದುಕಿ ಕಿವಿಗೆ ಹಾಕಿಕೊಳ್ಳಲಿಲ್ಲ. ಏಳನೇ ದಿನ ಗಾಯ ಮುಚ್ಚಿದಾಗ ತಾಯಿ ಹೆದರುತ್ತಾ ಮರಿಯ ಹೊಟ್ಟೆ ಮುಟ್ಟಿತು.

"ಕಚಗುಳಿ ಆಗುತ್ತೆ, ಅಮ್ಮ" ಅಂದಿತು ಮರಿ.

ಅದಕ್ಕೇ ನೋಡು, ನಿನ್ನ ಗಾಯವೂ ಒಂದೇ ದಿನಕ್ಕೆ ಮಾಯುವುದಿಲ್ಲ. ಹಕ್ಕಳೆಯ ಕೆಳಗೆ ಈಗ ನವೆ ಆಗುತ್ತಿದೆಯಲ್ಲ, ಅದು ಮುದುಕಿ ಬಂದವರ ಬೆರಳನ್ನು ಎರಡನೇ ಸಲ ತಡವುತ್ತಿರುವುದು.