ದೊರೆಯ ಕಾಲರು ಜೋತುಬಿದ್ದದ್ದು

ಬಹಳ ಬಹಳ ಹಿಂದೆ ಒಂದು ಬೆಳಿಗ್ಗೆ ಹಂಫ್ರಿ ದೊರೆಯ ಕಾಲರು ಜೋತುಬಿತ್ತಂತೆ, ಮಗೂ. ದೊರೆಯ ಮನೆಯಲ್ಲಿ ಎಲ್ಲರಿಗೂ ದಿಗಿಲಾಯಿತಂತೆ. ನಗಬೇಡ, ಸಣ್ಣ ವಿಷಯವಲ್ಲ. ಇಂಗ್ಲೆಂಡಿನ ಜನ ಹಡಗು ಹತ್ತಿ ಸಮುದ್ರದಾಚೆ ಹೋಗಿ, ಕಾಡಿನ ಅಂಚಲ್ಲಿ ಮರದ ಬೇಲಿ ಹಾಕಿಕೊಂಡು ಹೊಸದಾಗಿ ಕಟ್ಟಿದ ಊರು ಅದು. ದೊರೆ ಅಂದಮೇಲೆ ಕತ್ತಿನ ಸುತ್ತ ಊಟದ ತಟ್ಟೆಯಷ್ಟು ಅಗಲದ, ಗಂಜಿ ಹಾಕಿ ಸೆಟೆದು ನಿಲ್ಲಿಸಿದ ನೆರಿಗೆಯ ಕಾಲರು ಇರಬೇಕು. ಇಲ್ಲದಿದ್ದರೆ ದೊರೆ ಯಾರು, ಕುದುರೆ ಉಜ್ಜುವವನು ಯಾರು ಅಂತ ಹೇಗೆ ಗೊತ್ತಾಗಬೇಕು?

ಅಷ್ಟು ಹೊತ್ತಿಗೆ ಉಜ್ಜೋಕೆ ಕುದುರೆಯೂ ಇರಲಿಲ್ಲವಂತೆ. ತಿಂದಾಗಿತ್ತು. ಆ ಚಳಿಗಾಲ ಹೊಳೆ ಹೆಪ್ಪುಗಟ್ಟಿ, ಕಾಳು ತರಬೇಕಾದ ಹಡಗು ಬರದೆ, ಮೊದಲು ಕುದುರೆ ಆಯಿತು, ಆಮೇಲೆ ನಾಯಿ ಆಯಿತು, ಆಮೇಲೆ ಬೂಟು ಬೇಯಿಸಿ ಕುಡಿದರಂತೆ. ಮಿಕ್ಕಿದ್ದು ಅಗಸಗಿತ್ತಿ ಮಾರ್ಜರಿಯ ಕೋಣೆಯಲ್ಲಿದ್ದ ಒಂದು ದೊಡ್ಡ ಪೀಪಾಯಿ ಗೋಧಿ ಹಿಟ್ಟು. ಅದು ದೊರೆಯ ಕಾಲರಿಗೆ ಮೀಸಲು, ಬಾಯಿಗೆ ಇಟ್ಟವರಿಗೆ ಚಾವಟಿ ಏಟು ಅಂತ ಹುಕುಂ.

ಮಾರ್ಜರಿಗೆ ಸಿಸಿಲಿ ಅಂತ ಮಗಳು, ನಿನ್ನಷ್ಟೇ ಇದ್ದಳು. ಒಂದು ದಿನ ಹಸಿವಿಗೆ ಹಾಸಿಗೆಯಿಂದ ಏಳಲೇ ಇಲ್ಲ. ಮಾರ್ಜರಿ ಕಾಲರನ್ನ ನೋಡಿದಳು, ಮಗಳನ್ನ ನೋಡಿದಳು, ಹಿಟ್ಟು ಕದಡಿ ಗಂಜಿ ಕಾಯಿಸಿ ಮಗಳಿಗೆ ಕುಡಿಸಿದಳಂತೆ. ಆಮೇಲೆ ಪಕ್ಕದ ಮನೆಗೆ ಕೊಟ್ಟಳು, ಆಮೇಲೆ ಇಡೀ ಬೀದಿ ಬಟ್ಟಲು ಹಿಡಿದು ಬಂತಂತೆ. ಕಾಲರಿಗೆ ಗಂಜಿ ಹಾಕೋದು ಅಲ್ಲಿಗೆ ನಿಂತಿತು.

ಕಾಲರು ಯಾಕೆ ಜೋತುಬಿತ್ತು ಅಂತ ಕೇಳೋಕೆ ದೊರೆ ಮೊದಲು ಆಳನ್ನ ಕಳಿಸಿದ. ಚಳಿಗೆ ಕಾಲರೂ ಮುದುರಿದೆ ಅಂತ ಹೇಳಪ್ಪ ಅಂದಳು ಮಾರ್ಜರಿ. ಆಳು ಒಂದು ಬಟ್ಟಲು ಕುಡಿದು ಹಾಗೇ ಹೇಳಿದ. ಆಮೇಲೆ ಪಾದ್ರಿಯನ್ನ ಕಳಿಸಿದ. ತಲೆ ಬಾಗಿಸೋದು ಕಾಲರಿಗೂ ಒಳ್ಳೇದಲ್ಲವಾ ಸ್ವಾಮಿ ಅಂದಳು. ಪಾದ್ರಿ ಎರಡು ಬಟ್ಟಲು ಕುಡಿದು ಒಪ್ಪಿಕೊಂಡನಂತೆ. ಮೂರನೇ ಸಲ ದೊರೆಯೇ ಬಂದ.

ಏನೇ, ನನ್ನ ಮರ್ಯಾದೆ ಕುಡಿದುಬಿಟ್ಟೆಯಾ ಅಂದ.

ಹೌದು ದೊರೆ, ಉಪ್ಪು ಸಾಲದು ಅಂದಳು.

ಚಾವಟಿ ತನ್ನಿ ಅಂತ ಕೂಗಿದ. ಚಾವಟಿ ಭಾನುವಾರ ಬೇಯಿಸಿಬಿಟ್ಟೆವು, ಸಾರು ಚೆನ್ನಾಗಿದೆ ಅಂತ ತಾವೇ ಅಂದಿರಿ ಅಂದ ಆಳು. ಹಾಗಾದರೆ ಇವಳನ್ನ ಬೇಲಿಯಾಚೆ ಹಿಮಕ್ಕೆ ತಳ್ಳಿ ಅಂದ ದೊರೆ. ಯಾರೂ ಅಲುಗಲಿಲ್ಲ. ಎಲ್ಲರ ಕೈಯಲ್ಲೂ ಬಟ್ಟಲಿತ್ತು. ಮಾರ್ಜರಿ ಸೌಟು ಎತ್ತಿ, ತಳ್ಳೋದಾದರೆ ನೀವೇ ತಳ್ಳಿ, ಇಲ್ಲದಿದ್ದರೆ ಸಾಲಿನ ಕೊನೆಗೆ ಹೋಗಿ ನಿಲ್ಲಿ ಅಂದಳಂತೆ.

ದೊರೆ ಸೌಟು ನೋಡಿದ, ಬಟ್ಟಲುಗಳನ್ನ ನೋಡಿದ. ಆಮೇಲೆ ಸಾಲಿನ ಕೊನೆಗೆ ಹೋದ.

ಹಿಮ ಕರಗಿ ಹಡಗು ಬಂತು. ಕಪ್ತಾನ ಇಳಿದು, ಇಲ್ಲಿ ದೊರೆ ಯಾರು ಅಂದ. ನಾನೇ ಅಂದ ಹಂಫ್ರಿ. ಕಪ್ತಾನ ಅವನ ಕತ್ತು ನೋಡಿ, ಬೇರೆ ಯಾರಾದರೂ ಹೇಳಲಿ ಅಂತ ಕಾದನಂತೆ. ಯಾರಿಗೂ ಪುರುಸೊತ್ತಿರಲಿಲ್ಲ, ಎಲ್ಲರೂ ಕಾಳಿನ ಮೂಟೆ ಇಳಿಸುತ್ತಿದ್ದರು, ಸಿಸಿಲಿಯೂ ಒಂದು ತುದಿ ಹಿಡಿದಿದ್ದಳು.

ಕತೆ ಇಷ್ಟೇ, ಕಣ್ಣು ಮುಚ್ಚು. ಸಿಸಿಲಿ ದೊಡ್ಡವಳಾದಳು. ಕಾಲರು ಮತ್ತೆ ಏಳಲಿಲ್ಲ.